ಅಣಕಿನ ಹೆಣ

ಮುನ್ನೂರು ರೂಪಾಯಿ, ಒಂದು ಪೊಟ್ಟಣ ಪಲಾವು,
ಬಿಸಿಲಿಗೆ ಮಲಗಿದರೆ ಸಾಕು ಅಂದರು.
ಬೈತಖೋಲ ಬಂದರಿನ ಕಟ್ಟೆಯ ಮೇಲೆ
ಇಪ್ಪತ್ತೆರಡು ಜನ ಸಾಲಾಗಿ ಬಿದ್ದೆವು,
ದೋಣಿ ಮುಗುಚಿದೆ ಅಂತ ಲೆಕ್ಕ.
ಕೆಲವರಿಗೆ ಕಾಲು ಮುರಿದಿತ್ತು, ಕೆಲವರಿಗೆ ಬರೀ ಗಾಬರಿ.
ಗಜು ತಾಂಡೇಲನ ಹಣೆಗೆ ಕೆಂಪು ಬಳಿದಿದ್ದರು,
ಅವನು ಆಗಲೇ ಕನ್ನಡಿ ಕೇಳುತ್ತಿದ್ದ.
ನನಗೆ ಬಂದದ್ದು ಹದಿನೇಳನೇ ನಂಬರು:
ಹೆಣ.

ಏನೂ ಮಾಡೋದು ಬೇಡ, ಅಮ್ಮಾ,
ಅವರು ಬಂದಾಗ ಉಸಿರಾಡಬೇಡಿ, ಅಷ್ಟೆ.
ಅಷ್ಟೆ ಅಂತೆ!
ಮೂವತ್ತು ವರ್ಷ ತಾರ್ಲೆ ಬುಟ್ಟಿ ಹೊತ್ತು
ಕೋಡಿಬಾಗದಿಂದ ಪೇಟೆಗೆ ನಡೆದ ಮೈ ಇದು.
ಉಸಿರೊಂದನ್ನೇ ಇದು ಸಾಲ ತಂದಿಲ್ಲ.

ಸೀಟಿ ಊದಿತು. ಹುಡುಗರು ಓಡಿ ಬಂದರು,
ಕಿತ್ತಳೆ ಜಾಕೆಟ್ಟು, ಎರಡು ಅಳತೆ ದೊಡ್ಡದು.
ನನ್ನ ಪಕ್ಕ ಮಂಡಿಯೂರಿದವಳ ಎದೆಯ ಮೇಲೆ
ಜುಲಿಯಾನಾ ಸಿದ್ದಿ ಅಂತ ಇತ್ತಂತೆ, ನನಗೆ ಓದು ಬರೋದಿಲ್ಲ.
ಕೈಯಲ್ಲಿ ನಾಲ್ಕು ಬಣ್ಣದ ಚೀಟಿ:
ಹಸಿರಿನವ ನಡೆದು ಹೋಗಬಲ್ಲ,
ಹಳದಿಯವ ಕಾಯಬಲ್ಲ,
ಕೆಂಪಿನವನನ್ನು ಈಗಲೇ ಎತ್ತಬೇಕು.
ಕಪ್ಪು ಕಟ್ಟಿದರೆ ಮುಂದಿನವರ ಹತ್ತಿರ ಹೋಗು, ತಿರುಗಿ ನೋಡಬೇಡ.
"ಹೆಸರು?" ಅಂದಳು, ತನ್ನಷ್ಟಕ್ಕೇ.
"ಶೇವಂತಿ ಹರಿಕಂತ್ರ" ಅಂದೆ.
"ಅಕ್ಕಾ, ಹೆಣ ಮಾತಾಡಬಾರದು."

ಕಣ್ಣು ಮುಚ್ಚಿದೆ.
ಅವಳ ಬೆರಳು ಗದ್ದಕ್ಕೆ ಬಂತು, ಮೆಲ್ಲಗೆ ಮೇಲೆತ್ತಿತು,
ಕಿವಿ ನನ್ನ ಮೂಗಿನ ಹತ್ತಿರ, ಒಂದು, ಎರಡು, ಮೂರು...
ಅವಳ ಜಡೆಗೆ ಹೊಗೆಯ ವಾಸನೆ, ಕೊಬ್ಬರಿ ಎಣ್ಣೆಯದು ಮೇಲೆ.

ಅವರನ್ನು ತಂದ ರಾತ್ರಿಯೂ ಹೀಗೇ ಮಲಗಿಸಿದ್ದರು,
ಬಲೆಯ ಮೇಲೆ.
ಹನ್ನೆರಡು ಜನ ಸುತ್ತ ನಿಂತು
ಹೋಯ್ತು, ಹೋಯ್ತು ಅಂದರು.
ಯಾರೂ ಗದ್ದ ಎತ್ತಲಿಲ್ಲ. ನಾನೂ.
ಎತ್ತಿದ್ದರೆ ಬರುತ್ತಿದ್ದರು ಅಂತ ಹೇಳುತ್ತಿಲ್ಲ.
ಎತ್ತಲಿಲ್ಲ, ಅಷ್ಟೇ ಹೇಳುತ್ತಿದ್ದೇನೆ.

ಎಂಟಕ್ಕೋ ಒಂಬತ್ತಕ್ಕೋ
ಎದೆ ಒಡೆದು ಉಸಿರು ಹೊರಗೆ ಬಂತು,
ಅವಳ ಕಿವಿಗೇ ಬಡಿಯಿತು.
ಕಪ್ಪು ಚೀಟಿ ಜೇಬಿಗೆ ಹೋಯಿತು,
ಕೆಂಪು ನನ್ನ ಮಣಿಕಟ್ಟಿಗೆ.
"ಸ್ಟ್ರೆಚರ್!" ಅಂತ ಕೂಗಿದಳು ನೋಡಿ,
ಜೆಟ್ಟಿಯ ಕಾಗೆಗಳೆಲ್ಲ ಎದ್ದವು.

ಮಾಸ್ತರು ಪಟ್ಟಿ ಹಿಡಿದು ಬಂದರು.
"ಹದಿನೇಳು ಹೆಣ. ನೋಡು, ಬರೆದಿದೆ."
"ಸರ್, ಉಸಿರು ಬಂತು."
"ಅದು ಅವರ ತಪ್ಪು."
"ಇರಬಹುದು ಸರ್. ಆದರೆ ಬಂತು."
ಮಾಸ್ತರು ಪೆನ್ನಿನಲ್ಲಿ ಏನೋ ಗೀಚಿದರು,
ಮಾರ್ಕು ಕಳೆದರೋ ಕೂಡಿಸಿದರೋ
ಅವಳಿಗೂ ತಿಳಿಯಲಿಲ್ಲ.

ಪಲಾವು ತಿನ್ನುವಾಗ ಪಕ್ಕ ಬಂದು ಕೂತಳು.
ಎಲ್ಲಾಪುರದ ಒಳಗಿನ ಊರು,
ಸಮುದ್ರ ನೋಡಿದ್ದು ಈ ಕೋರ್ಸಿಗೆ ಬಂದ ಮೇಲೆ.
ಈಜು ಪರೀಕ್ಷೆಯಲ್ಲಿ ಎರಡು ಸಲ ಫೇಲು.
ಮುಗಿದರೆ ಜಿಲ್ಲಾ ಕಚೇರಿಯಲ್ಲಿ ಫೋನಿನ ಮುಂದೆ ಕೆಲಸ,
ರಾತ್ರಿ ಪಾಳಿ, ಹನ್ನೊಂದು ತಿಂಗಳ ಗುತ್ತಿಗೆ.
ಮನೆಯಲ್ಲಿ ಕೇಳುತ್ತಾರಂತೆ:
ಅನಾಹುತ ಆಗದಿದ್ದರೆ ನಿನಗೆ ಸಂಬಳ ಕೊಡ್ತಾರಾ?

"ಆಗದಿದ್ದರೆ ಏನು ಮಾಡ್ತೀ, ತಂಗಿ?"
"ಬೆಳಿಗ್ಗೆ ರಿಜಿಸ್ಟರಿನಲ್ಲಿ ಬರೀಬೇಕು, ಅಕ್ಕಾ:
ನಿರಂಕ."
ಆ ಪದ ನಾನು ಕೇಳಿರಲಿಲ್ಲ.
ದೇವರ ಹೆಸರಿನ ಹಾಗಿತ್ತು.

ಕೆಂಪು ಚೀಟಿ ಈಗ ಬುಟ್ಟಿಯ ಹಿಡಿಗಿದೆ.
ಗಿರಾಕಿಗಳು ರೇಟು ಅಂದುಕೊಳ್ಳುತ್ತಾರೆ.

ಇವತ್ತು ಗಾಳಿ ಪಡುವಣದ್ದು.
ಸಂಜೆಯಿಂದ ಕಟ್ಟೆಯಲ್ಲಿ ಕೂತು ಎಣಿಸುತ್ತಿದ್ದೇನೆ:
ಹೋದದ್ದು ಹದಿನಾಲ್ಕು, ಬಂದದ್ದು ಹದಿಮೂರು.
ದೇವಗಡದ ಆಚೆ ಒಂದು ದೀಪ,
ಅಥವಾ ದೀಪದ ಹಾಗಿನದು,
ಏಳುತ್ತಿದೆ, ಮುಳುಗುತ್ತಿದೆ.
ಫೋನಿನ ಮುಂದೆ ಕೂತಿರುತ್ತೀಯಲ್ಲ, ಜುಲಿಯಾನಾ,
ಪೆನ್ನಿನ ಮುಚ್ಚಳ ತೆಗೆದಿರುತ್ತೀ.
ತಡಿ.
ಇನ್ನೂ ಬರೆಯಬೇಡ.